ಚಲುವೆ ಪುಡಿಯಿಂದ ಚೆಲುವಿನವರೆಗೆ

ಮುಖಕ್ಕೆ ಸಿಂಪಡಿಸಿಕೊಳ್ಳುವ 'ಮಿಸ್ಟ್' ಬಾಟಲಿಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಬಗೆ ಬಂದಿದೆ. ಗುಲಾಬಿ ನೀರಲ್ಲ, ಸೌತೆಕಾಯಿ ರಸವೂ ಅಲ್ಲ. ಹಿಂದೆ ತಿರುಗಿಸಿ ಓದಿದರೆ ಇರುವುದು ಮೂರೇ ಪದಾರ್ಥ: ನೀರು, ಉಪ್ಪು, ಹೈಪೋಕ್ಲೋರಸ್ ಆಮ್ಲ. ಕೆಲವು ಕಂಪನಿಗಳು ಇನ್ನೊಂದೆರಡು ಸೇರಿಸುತ್ತವೆ, ಆದರೆ ಮುಖ್ಯ ಪಾತ್ರ ಈ ಆಮ್ಲದ್ದೇ. ಮೊಡವೆ ಇರುವವರು, ಜಿಮ್‌ನಿಂದ ಬೆವತು ಬರುವವರು, ಚರ್ಮ ಬೇಗ ಕೆಂಪಾಗುವವರು ದಿನಕ್ಕೆ ಒಂದೆರಡು ಸಲ ಹಾಕಿಕೊಳ್ಳುತ್ತಾರೆ.

ಮುಖಕ್ಕೆ ಆಮ್ಲವಾ ಅಂತ ಗಾಬರಿ ಆಗಬೇಡಿ. ಈ ಆಮ್ಲ ನಿಮಗೆ ಹೊಸಬನಲ್ಲ. ಮಳೆಗಾಲ ಶುರುವಾದಾಗ ಪಂಚಾಯ್ತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಗೊತ್ತಲ್ಲ, ನಾವು ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಚಲುವೆ ಪುಡಿ' ಅಂತ ಓದಿದ್ದು? ಅದು ನೀರಿಗೆ ಬಿದ್ದು ಕ್ರಿಮಿ ಕೊಲ್ಲುವಾಗ ನಿಜವಾಗಿ ಕೆಲಸ ಮಾಡುವುದು ಇದೇ ಹೈಪೋಕ್ಲೋರಸ್ ಆಮ್ಲ. ಬಾವಿಯ ಚಲುವೆ ಪುಡಿ ಮುಖದ ಚೆಲುವಿನ ಸಾಮಾನಾಗಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಥೆ ಹೇಳೋಣ ಅಂತ ಈ ಬರಹ.

ಬಟ್ಟೆಯಿಂದ ಶುರು

1774ರಲ್ಲಿ ಸ್ವೀಡನ್ನಿನ ಔಷಧಿ ತಯಾರಕ ಕಾರ್ಲ್ ವಿಲ್ಹೆಲ್ಮ್ ಶೀಲೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಮ್ಯಾಂಗನೀಸಿನ ಅದಿರಿನ ಜೊತೆ ಕಾಯಿಸಿ ಹಸಿರು ಮಿಶ್ರಿತ ಹಳದಿ ಅನಿಲವೊಂದನ್ನು ಪಡೆದ. ಉಸಿರು ಕಟ್ಟಿಸುವ ವಾಸನೆ. ಹೂವು, ಎಲೆಗಳ ಬಣ್ಣ ಕಳೆಯುವ ಗುಣವೂ ಇತ್ತು. ಅದು ಮೂಲಧಾತು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1810ರಲ್ಲಿ ಹಂಫ್ರಿ ಡೇವಿ ಅದನ್ನು ಗುರುತಿಸಿ, ಬಣ್ಣ ನೋಡಿ 'ಕ್ಲೋರಿನ್' ಅಂತ ಹೆಸರಿಟ್ಟ.

ಆ ಕಾಲದ ಯೂರೋಪಿನಲ್ಲಿ ನಾರುಬಟ್ಟೆ ಬೆಳ್ಳಗೆ ಮಾಡುವುದು ತಿಂಗಳುಗಟ್ಟಲೆ ಕೆಲಸ. ಕ್ಷಾರದಲ್ಲಿ ಬೇಯಿಸಿ, ಹುಳಿ ಬಂದ ಹಾಲಿನಲ್ಲಿ ನೆನೆಸಿ, ಹುಲ್ಲುಗಾವಲಿನ ಮೇಲೆ ಹರಡಿ ಬಿಸಿಲಿಗೆ ಬಿಡಬೇಕು. ಫ್ರಾನ್ಸಿನ ಬರ್ತೊಲೆ 1785ರಲ್ಲಿ ಈ ಅನಿಲದಿಂದ ಬಟ್ಟೆ ಬಿಳಿ ಮಾಡಬಹುದು ಅಂತ ತೋರಿಸಿದ. ಪ್ಯಾರಿಸ್ ಪಕ್ಕದ ಜಾವೆಲ್ ಎಂಬಲ್ಲಿ ಅನಿಲವನ್ನು ಕ್ಷಾರದ ನೀರಿಗೆ ಹಾಯಿಸಿ 'ಜಾವೆಲ್ ನೀರು' ತಯಾರಾಗತೊಡಗಿತು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಅದೇ ಅನಿಲವನ್ನು ಸುಣ್ಣಕ್ಕೆ ಕುಡಿಸಿ ಒಣ ಪುಡಿ ಮಾಡಿ ಪೇಟೆಂಟ್ ತಗೊಂಡ. ನಮ್ಮ ಚಲುವೆ ಪುಡಿ ಹುಟ್ಟಿದ್ದು ಹೀಗೆ. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು.

ಇಲ್ಲಿಯವರೆಗೆ ಕ್ರಿಮಿ, ಚರ್ಮ, ಆರೋಗ್ಯ ಯಾವುದರ ಮಾತೂ ಇಲ್ಲ. ಮುಂದಿನ ತಿರುವು ಬಂದದ್ದು ಒಂದು ದುರ್ವಾಸನೆಯಿಂದ.

ಪ್ಯಾರಿಸ್ಸಿನಲ್ಲಿ ಪ್ರಾಣಿಗಳ ಕರುಳು ಸ್ವಚ್ಛ ಮಾಡಿ ವಾದ್ಯಗಳ ತಂತಿ ಇತ್ಯಾದಿ ತಯಾರಿಸುವ ಕಾರ್ಖಾನೆಗಳಿದ್ದವು. ಅಲ್ಲಿನ ನಾತ ಹೇಗಿದ್ದಿರಬೇಕು ಊಹಿಸಿಕೊಳ್ಳಿ. ಆಂಟ್ವಾನ್ ಲಬರಾಕ್ ಎಂಬ ಔಷಧಿ ವ್ಯಾಪಾರಿ 1820ರ ಸುಮಾರಿಗೆ ಕ್ಲೋರಿನ್ ಸೇರಿಸಿದ ಸೋಡಾ ಮತ್ತು ಸುಣ್ಣದ ದ್ರಾವಣಗಳಿಂದ ಆ ನಾತವನ್ನೂ ಕೊಳೆಯುವಿಕೆಯನ್ನೂ ತಡೆದು ಬಹುಮಾನ ಗೆದ್ದ. 1824ರಲ್ಲಿ ದೊರೆ ಹದಿನೆಂಟನೇ ಲೂಯಿ ಗ್ಯಾಂಗ್ರೀನ್ ಆಗಿ ಸತ್ತಾಗ ಶವದ ದುರ್ನಾತ ತಡೆಯಲಾರದೆ ಇದೇ ಲಬರಾಕ್‌ನನ್ನು ಕರೆಸಿದರು. ಕರುಳಿನ ಕಾರ್ಖಾನೆಗೂ ಅರಮನೆಗೂ ಒಂದೇ ಔಷಧ!

ಇಷ್ಟೆಲ್ಲ ಆದರೂ ಈ ದ್ರಾವಣಗಳೊಳಗೆ ಇರುವುದು ಏನು ಅಂತ ಸ್ಪಷ್ಟವಾಗಿರಲಿಲ್ಲ. 1834ರಲ್ಲಿ ಮೊಂಪೆಲಿಯೆಯ ಆಂಟ್ವಾನ್ ಬಲಾರ್ (ಬ್ರೋಮಿನ್ ಕಂಡುಹಿಡಿದವನೂ ಇವನೇ) ನೀರಿನಲ್ಲಿ ಕಲಸಿದ ಪಾದರಸದ ಆಕ್ಸೈಡಿಗೆ ಕ್ಲೋರಿನ್ ಸೇರಿಸಿ ಹೈಪೋಕ್ಲೋರಸ್ ಆಮ್ಲವನ್ನು ಬೇರೆಯಾಗಿ ಪಡೆದು ತೋರಿಸಿದ.

ವಿಯೆನ್ನಾದ ಬಾಣಂತಿಯರು

ಈ ಕಥೆಯ ಅತ್ಯಂತ ಸಂಕಟದ ಭಾಗ ಇದು. ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು, ಆದರೂ ಅಂಕಿಗಳನ್ನು ಒಮ್ಮೆ ನೋಡಿ.

ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ಸತ್ತ ಬಾಣಂತಿಯರು ನೂರಕ್ಕೆ 11.4, ಎರಡನೆಯದರಲ್ಲಿ 2.8. ಊರಿನ ಹೆಂಗಸರಿಗೂ ಇದು ಗೊತ್ತಿತ್ತು. ಮೊದಲ ವಿಭಾಗಕ್ಕೆ ಸೇರಿಸಬೇಡಿ ಅಂತ ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದರು. ಬೀದಿಯಲ್ಲೇ ಹೆತ್ತು ಬಂದವರೂ ಈ ವಿಭಾಗದಲ್ಲಿ ಹೆತ್ತವರಿಗಿಂತ ಕಡಿಮೆ ಸಾಯುತ್ತಿದ್ದರು!

ಅಲ್ಲಿದ್ದ ಹಂಗೆರಿಯ ವೈದ್ಯ ಇಗ್ನಾಟ್ಸ್ ಸೆಮ್ಮೆಲ್‌ವೈಸ್‌ಗೆ ಇದು ನಿದ್ದೆಗೆಡಿಸಿತು. 1847ರ ಮಾರ್ಚಿನಲ್ಲಿ ಅವನ ಗೆಳೆಯ, ಪ್ರೊಫೆಸರ್ ಕೊಲೆಚ್ಕಾ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ತಗುಲಿ ನಂಜೇರಿ ಸತ್ತ. ಅವನ ದೇಹದಲ್ಲಿ ಕಂಡ ಲಕ್ಷಣಗಳು ಸತ್ತ ಬಾಣಂತಿಯರಲ್ಲಿ ಕಂಡವುಗಳೇ. ವಿಷಯ ಹೊಳೆಯಿತು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ.

ಸೋಪಿನಲ್ಲಿ ತೊಳೆದರೂ ಕೈಯ ಹೆಣದ ವಾಸನೆ ಹೋಗುತ್ತಿರಲಿಲ್ಲ. ವಾಸನೆ ತೆಗೆಯುವುದಕ್ಕೆ ಪ್ರಸಿದ್ಧವಾದದ್ದು ಕ್ಲೋರಿನ್. ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕು ಅಂತ ಕಡ್ಡಾಯ ಮಾಡಿದ. ಅದು ದುಬಾರಿ ಅಂತ ಆಮೇಲೆ ಚಲುವೆ ಪುಡಿ ಬಂತು. ಏಪ್ರಿಲ್‌ನಲ್ಲಿ ಸಾವು ನೂರಕ್ಕೆ 18.3. ಜೂನ್‌ನಲ್ಲಿ 2.2. ಜುಲೈನಲ್ಲಿ 1.2.

ಇಂಥ ಗ್ರಾಫ್ ಮೀಟಿಂಗಿನಲ್ಲಿ ತೋರಿಸಿದರೆ ಇವತ್ತು ಚಪ್ಪಾಳೆ ಬೀಳುತ್ತದೆ. ಸೆಮ್ಮೆಲ್‌ವೈಸ್‌ಗೆ ಸಿಕ್ಕಿದ್ದು ಬೇರೆ. 'ನಿಮ್ಮ ಕೈಗಳೇ ಕೊಂದದ್ದು' ಎಂಬ ಮಾತು ದೊಡ್ಡ ವೈದ್ಯರಿಗೆ ರುಚಿಸಲಿಲ್ಲ. ರೋಗಾಣುಗಳ ಸಿದ್ಧಾಂತ ಇನ್ನೂ ಬಂದಿರಲಿಲ್ಲ, ಹಾಗಾಗಿ ಯಾಕೆ ಅಂತ ಪೂರ್ತಿ ವಿವರಿಸಲು ಅವನಿಂದಲೂ ಆಗಲಿಲ್ಲ. 1849ರಲ್ಲಿ ಕೆಲಸದ ಅವಧಿ ಮುಂದುವರಿಸಲಿಲ್ಲ. 1865ರ ಆಗಸ್ಟಿನಲ್ಲಿ, 47ನೇ ವಯಸ್ಸಿಗೆ, ಹುಚ್ಚಾಸ್ಪತ್ರೆಯೊಂದರಲ್ಲಿ ಸತ್ತ.

1915: ಒಂದೇ ವರ್ಷ, ಎರಡು ಮುಖ

ಇಪ್ಪತ್ತನೇ ಶತಮಾನದ ಆರಂಭಕ್ಕೆ ಬರೋಣ. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯ ಕುಡಿಯುವ ನೀರಿಗೆ ಡಾಕ್ಟರ್ ಜಾನ್ ಲೀಲ್ ಚಲುವೆ ಪುಡಿ ಸೇರಿಸತೊಡಗಿದ. ಜನರಿಗಾಗಲಿ ಕೋರ್ಟಿಗಾಗಲಿ ಹೇಳದೆ! ಅದೇ ಕೋರ್ಟಿನಲ್ಲಿ ಆಮೇಲೆ ಅವನು ಗೆದ್ದ, ಪದ್ಧತಿ ಊರಿಂದೂರಿಗೆ ಹಬ್ಬಿತು. ಬೆಂಗಳೂರಿನಲ್ಲಿ ಬೆಳಗ್ಗೆ ಕಾವೇರಿ ನೀರಿನ ನಲ್ಲಿ ತಿರುಗಿಸಿದಾಗ ಕೆಲವೊಮ್ಮೆ ಬರುವ ವಾಸನೆ ಇದೇ ಮನೆತನದ್ದು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಸಿಲಿಂಡರುಗಳಿಂದ ನೂರೈವತ್ತು ಟನ್ನಿಗೂ ಹೆಚ್ಚು ಕ್ಲೋರಿನ್ ಗಾಳಿಗೆ ಬಿಟ್ಟಿತು. ಕಂದಕಗಳಲ್ಲಿದ್ದ ಸೈನಿಕರು ಉಸಿರುಗಟ್ಟಿ ಸತ್ತರು. ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದ ಲಾಹೋರ್ ಡಿವಿಷನ್ನಿನ ಭಾರತೀಯ ಸೈನಿಕರೂ ಈ ವಿಷ ಕುಡಿದರು. ಈ ಅನಿಲ ಶ್ವಾಸಕೋಶದ ತೇವಕ್ಕೆ ತಾಗಿದಾಗ ಅಲ್ಲೂ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಹೈಪೋಕ್ಲೋರಸ್ ಆಮ್ಲವೇ ಹುಟ್ಟುತ್ತದೆ.

ಮೂರು ತಿಂಗಳ ನಂತರ, ಜುಲೈ 24ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಲೊರೇನ್ ಸ್ಮಿತ್ ಮತ್ತು ಸಂಗಡಿಗರ ಒಂದು ಲೇಖನ ಬಂತು. ವಿಷಯ: ಗಾಯಗಳ ಚಿಕಿತ್ಸೆಯಲ್ಲಿ ಹೈಪೋಕ್ಲೋರಸ್ ಆಮ್ಲ! ಯುದ್ಧ ನಡೆಯುತ್ತಿದ್ದದ್ದು ಗೊಬ್ಬರ ಹಾಕಿದ ಹೊಲಗಳ ಮಣ್ಣಿನಲ್ಲಿ. ಗುಂಡಿನ ಜೊತೆ ಆ ಮಣ್ಣೂ ಮೈಯೊಳಗೆ ಹೋಗಿ ಗಾಯ ಕೊಳೆಯುತ್ತಿತ್ತು. ಎಡಿನ್‌ಬರೋದವರು ಚಲುವೆ ಪುಡಿಯನ್ನೂ ಬೋರಿಕ್ ಆಮ್ಲವನ್ನೂ ಲೀಟರಿಗೆ ತಲಾ 12.5 ಗ್ರಾಂ ಹಾಕಿ, ಸೋಸಿ, ಗಾಯ ತೊಳೆಯುವ ದ್ರಾವಣ ಮಾಡಿದರು. ಹೆಸರು 'ಯೂಸಾಲ್'. ನಮ್ಮ ದೇಶದ ಆಸ್ಪತ್ರೆಗಳ ಡ್ರೆಸ್ಸಿಂಗ್ ಟ್ರೇಗಳಲ್ಲೂ ಇದು ಬಹಳ ಕಾಲ ಇತ್ತು, ಮನೆಯಲ್ಲಿ ಹಳೆಯ ನರ್ಸ್ ಇದ್ದರೆ ಕೇಳಿ ನೋಡಿ. ಅದೇ ಹೊತ್ತಿಗೆ ಫ್ರಾನ್ಸಿನ ಕೊಂಪಿಯೆನ್ ಎಂಬಲ್ಲಿ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಇನ್ನೂರಕ್ಕೂ ಹೆಚ್ಚು ರಾಸಾಯನಿಕಗಳನ್ನು ಪರೀಕ್ಷಿಸಿ, ಕೊನೆಗೆ ಸುಮಾರು ಅರ್ಧ ಪರ್ಸೆಂಟ್ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಆರಿಸಿದ. ಸರ್ಜನ್ ಅಲೆಕ್ಸಿ ಕ್ಯಾರೆಲ್ ಗಾಯದೊಳಕ್ಕೆ ರಬ್ಬರ್ ಕೊಳವೆ ಇಳಿಸಿ ಎರಡು ಗಂಟೆಗೊಮ್ಮೆ ಆ ದ್ರಾವಣ ಹಾಯಿಸುವ ಕ್ರಮ ತಂದ. ಎಷ್ಟೋ ಕೈಕಾಲುಗಳು ಕತ್ತರಿಯಿಂದ ಉಳಿದವು.

ಡೇಕಿನ್‌ನ ತಲೆನೋವು ಕ್ರಿಮಿ ಕೊಲ್ಲುವುದಾಗಿರಲಿಲ್ಲ, ಅದಕ್ಕೆ ಬೇಕಾದಷ್ಟು ವಿಷಗಳಿದ್ದವು. ಕ್ರಿಮಿ ಸಾಯಬೇಕು, ಮಾಂಸ ಉಳಿಯಬೇಕು, ಅದೇ ಕಷ್ಟ. ಈ ಸಮತೋಲನ ಯೂಸಾಲ್‌ಗೂ ಪೂರ್ತಿ ಸಿಕ್ಕಿರಲಿಲ್ಲ. ಅದು ಹೊಸದಾಗಿ ಬೆಳೆಯುವ ಮಾಂಸಕ್ಕೂ ಪೆಟ್ಟು ಕೊಡುತ್ತದೆ ಅಂತ 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆಯೇ ಆಗಿ ಬಳಕೆ ಕುಸಿಯಿತು.

ನಮ್ಮೊಳಗೇ ಇದ್ದ ಕಾರ್ಖಾನೆ

ಈಗ ನನಗೆ ತುಂಬಾ ಇಷ್ಟವಾದ ತಿರುವು. 1941ರಲ್ಲಿ ಸ್ವೀಡನ್ನಿನ ಶೆಲ್ ಆಗ್ನರ್ ಬಿಳಿ ರಕ್ತಕಣಗಳ ಹಸಿರು ಬಣ್ಣದ ಕಿಣ್ವವೊಂದನ್ನು ಬೇರ್ಪಡಿಸಿದ. ಈಗಿನ ಹೆಸರು ಮೈಲೋಪೆರಾಕ್ಸಿಡೇಸ್. ಕೀವಿಗೂ ಕಟ್ಟಿದ ಕಫಕ್ಕೂ ಹಸಿರು ಛಾಯೆ ಬರುವುದು ಇದರಿಂದಲೇ. 1960ರ ದಶಕದಲ್ಲಿ ಸಿಯಾಟಲ್‌ನ ಸೆಮೂರ್ ಕ್ಲೆಬನಾಫ್ ಈ ಕಿಣ್ವ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಲೋರೈಡಿನಂಥ ಲವಣ ಸೇರಿದರೆ ಬ್ಯಾಕ್ಟೀರಿಯ ಸಾಯುತ್ತವೆ ಅಂತ ತೋರಿಸಿದ. 1976ರಲ್ಲಿ ಹ್ಯಾರಿಸನ್ ಮತ್ತು ಶುಲ್ಟ್ಸ್ ಅಲ್ಲಿ ತಯಾರಾಗುವ ವಸ್ತು ಏನು ಅಂತ ಗುರುತಿಸಿದರು. ಹೈಪೋಕ್ಲೋರಸ್ ಆಮ್ಲ!

ಅಂದರೆ ನಮ್ಮ ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗಿ, ರಕ್ತದ ಉಪ್ಪಿನಿಂದಲೇ ಈ ಆಮ್ಲ ಮಾಡಿ, ಒಂದು ಪುಟ್ಟ ಚೀಲದೊಳಗೆ ಅದನ್ನು ಕೊಲ್ಲುತ್ತದೆ. ಸೆಮ್ಮೆಲ್‌ವೈಸ್ ಕೈ ತೊಳೆಯಲು ಬೋಗುಣಿಯಲ್ಲಿ ಇಟ್ಟದ್ದು ಅವನ ರಕ್ತದಲ್ಲೇ ಇತ್ತು.

ಹಾಗಾದರೆ ಮುಖಕ್ಕೆ ಹೇಗೆ ಸೌಮ್ಯ?

ಇದು ಪಿಎಚ್ ಮತ್ತು ಪ್ರಮಾಣದ ಲೆಕ್ಕ. ಬಟ್ಟೆಗೆ ಹಾಕುವ ಬ್ಲೀಚ್ ತುಂಬಾ ಕ್ಷಾರ, ಪಿಎಚ್ 11ರ ಆಚೆ. ಅದರಲ್ಲಿ ಇರುವುದು ಬಹುಪಾಲು ಹೈಪೋಕ್ಲೋರೈಟ್ ಅಯಾನು. ಪಿಎಚ್ 7.5ರ ಹತ್ತಿರ ಅಯಾನೂ ಆಮ್ಲವೂ ಅರ್ಧಕ್ಕರ್ಧ. 5.5ರ ಸುಮಾರಿಗೆ ಬಂದರೆ ಹೆಚ್ಚುಕಡಿಮೆ ಎಲ್ಲವೂ ಹೈಪೋಕ್ಲೋರಸ್ ಆಮ್ಲ. ಆರೋಗ್ಯವಂತ ಚರ್ಮದ ಪಿಎಚ್ ಕೂಡ ಅದರ ಆಸುಪಾಸಿನದೇ. ಈ ಆಮ್ಲಕ್ಕೆ ವಿದ್ಯುದಂಶ ಇಲ್ಲದ್ದರಿಂದ ಬ್ಯಾಕ್ಟೀರಿಯದ ಗೋಡೆ ಸುಲಭವಾಗಿ ದಾಟುತ್ತದೆ, ಆದ್ದರಿಂದ ಸ್ವಲ್ಪವೇ ಸಾಕು. ಮಿಸ್ಟ್‌ಗಳಲ್ಲಿ ಸಾಮಾನ್ಯವಾಗಿ 0.01ರಿಂದ 0.02 ಪರ್ಸೆಂಟ್. ಬಟ್ಟೆಯ ಬ್ಲೀಚ್ ಸುಮಾರು 5 ಪರ್ಸೆಂಟ್. ನೂರಾರು ಪಟ್ಟು ವ್ಯತ್ಯಾಸ!

ತಯಾರಿಸುವುದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ. ಜಪಾನಿನಲ್ಲಿ ಈ ನೀರು ತರಕಾರಿ ತೊಳೆಯುವುದಕ್ಕೂ ಬಂತು, 2002ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಗೆ ಕೊಟ್ಟಿತು. ಗಾಯ, ಕಣ್ಣಿನ ರೆಪ್ಪೆ, ಆಮೇಲೆ ಮುಖ ಅಂತ ದಾರಿ ಬೆಳೆಯಿತು.

ಬಳಸುವವರು ಗಮನಿಸಬೇಕಾದ್ದು ಕೆಲವೇ. ಮುಖ ತೊಳೆದು ಒರೆಸಿಕೊಂಡ ಮೇಲೆ ಸಿಂಪಡಿಸಿ ತಾನಾಗಿ ಒಣಗಲು ಬಿಡಿ, ಆಮೇಲೆ ಕ್ರೀಮು. ಕೊಳೆ, ಎಣ್ಣೆ ಸಿಕ್ಕರೆ ಇದು ಅದರ ಮೇಲೇ ಖರ್ಚಾಗಿಬಿಡುತ್ತದೆ. ವಿಟಮಿನ್ ಸಿ ಸೀರಮ್ಮಿನ ಜೊತೆಗೇ ಹಚ್ಚಿದರೆ ಎರಡೂ ಒಂದನ್ನೊಂದು ಹಾಳುಮಾಡುತ್ತವೆ. ಬೆಳಕು, ಬಿಸಿ ತಾಗಿದರೆ ಬಾಟಲಿಯಲ್ಲಿ ಉಳಿಯುವುದು ಬರೀ ಉಪ್ಪುನೀರು. ಮೊಡವೆಗೆ ಇದರ ಬಗ್ಗೆ ನಡೆದಿರುವ ಅಧ್ಯಯನಗಳು ಚಿಕ್ಕವು, ಹಾಗಾಗಿ ಡಾಕ್ಟರು ಕೊಟ್ಟ ಔಷಧಿ ಬಿಟ್ಟು ಇದನ್ನು ಹಿಡಿಯಬೇಡಿ. ಮನೆಯಲ್ಲೇ ಬ್ಲೀಚಿಗೆ ವಿನಿಗರ್ ಹಾಕಿ ಮಾಡುವ ಸಾಹಸವಂತೂ ಬೇಡವೇ ಬೇಡ. ಅದರಿಂದ ಏಳುವುದು ಈಪ್ರ್‌ನ ಅನಿಲ.

ಎಷ್ಟು ಎಂಬ ಪ್ರಶ್ನೆ

2020ರ ಮಾರ್ಚ್ 30 ನೆನಪಿದೆಯಾ? ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿದ ಕೂಲಿ ಕಾರ್ಮಿಕರನ್ನು ಉತ್ತರ ಪ್ರದೇಶದ ಬರೇಲಿಯಲ್ಲಿ ರಸ್ತೆಯ ಮೇಲೆ ಗುಂಪಾಗಿ ಕೂರಿಸಿ, ಹೆಂಗಸರು ಮಕ್ಕಳೆನ್ನದೆ, ಪೈಪಿನಿಂದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಿದರು. ಕಣ್ಣು ಉರಿಯುತ್ತದೆ ಅಂತ ಜನ ಒದ್ದಾಡಿದರು. ಅದು ಬಸ್ಸು ತೊಳೆಯಲು ತಂದ ದ್ರಾವಣ. ಮನುಷ್ಯರ ಮೈಮೇಲೆ ಸೋಂಕುನಾಶಕ ಸಿಂಪಡಿಸಬಾರದು ಅಂತ ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದು ಸೂಚನೆ ಹೊರಡಿಸಬೇಕಾಯಿತು.

ಮಿಸ್ಟ್ ಬಾಟಲಿಯಲ್ಲಿರುವುದೂ ಬರೇಲಿಯ ಪೈಪಿನಲ್ಲಿದ್ದದ್ದೂ ಅಣ್ಣತಮ್ಮಂದಿರು. ಕನ್ನಡಿ ಮುಂದೆ ನಿಂತು ಸಿಂಪಡಿಸಿಕೊಳ್ಳುವವರು ಪ್ರಮಾಣ, ಪಿಎಚ್, ತಯಾರಾದ ತಾರೀಖು ಎಲ್ಲ ಓದಿ ಆರಿಸಿಕೊಳ್ಳುತ್ತಾರೆ. ರಸ್ತೆಯ ಮೇಲೆ ಕೂತವರಿಗೆ ಯಾರೂ ಏನೂ ಹೇಳಲಿಲ್ಲ, ಕೇಳಲೂ ಇಲ್ಲ. ಡೇಕಿನ್ ಇನ್ನೂರು ರಾಸಾಯನಿಕ ಪರೀಕ್ಷಿಸುವಾಗ ಪ್ರತಿ ಸಲವೂ ಕೇಳಿಕೊಂಡ ಪ್ರಶ್ನೆ, ಇದು ತಾಗುವ ಮೈಗೆ ಏನಾಗುತ್ತದೆ ಅನ್ನೋದು. ನೂರೈದು ವರ್ಷಗಳ ನಂತರ ಅದನ್ನು ಕೇಳಲು ಬರೇಲಿಯಲ್ಲಿ ಒಬ್ಬರೂ ಇರಲಿಲ್ಲ.