ಕಿತ್ತ ಬೇರಿನ ಚರಿತ್ರೆ

1629ರಲ್ಲಿ ಲಂಡನ್ನಿನ ಜಾನ್ ಪಾರ್ಕಿನ್ಸನ್ ಅಚ್ಚು ಹಾಕಿಸಿದ ಹೂದೋಟದ ಪುಸ್ತಕದಲ್ಲಿ ಥಾಮಸಿನ್ ಟನ್‌ಸ್ಟಾಲ್ ಎಂಬ ಹೆಣ್ಣುಮಗಳ ಹೆಸರು ಬರುತ್ತದೆ. ಉತ್ತರ ಇಂಗ್ಲೆಂಡಿನ ಹಾರ್ನ್‌ಬಿ ಕೋಟೆಯ ಬಳಿ ಇದ್ದ ಈಕೆ, ಹೆಲ್ಕ್ಸ್ ಎಂಬ ಕಾಡಿನಲ್ಲಿ ಬೆಳೆಯುತ್ತಿದ್ದ ಲೇಡೀಸ್ ಸ್ಲಿಪ್ಪರ್ ಆರ್ಕಿಡ್‌ನ ಬೇರುಗಳನ್ನು ಪಾರ್ಕಿನ್ಸನ್‌ರಿಗೆ ಆಗಾಗ ಕಳಿಸುತ್ತಿದ್ದರು. ಅವರ ತೋಟದಲ್ಲಿ ಅವು ಹೂವನ್ನೂ ಬಿಟ್ಟವು. ಬ್ರಿಟನ್ನಿನಲ್ಲಿ ಈ ಗಿಡದ ಬಗ್ಗೆ ಸಿಗುವ ಬಹು ಹಳೆಯ ದಾಖಲೆ ಇದು. ಅಂದರೆ ಗಿಡ ಇತಿಹಾಸದೊಳಗೆ ಬಂದದ್ದೇ ಬೇರುಸಮೇತ ಕಿತ್ತುಕೊಂಡು.

ಆರ್ಕಿಡ್ ಎಂದೊಡನೆ ನಮಗೆ ನೆನಪಾಗುವುದು ಮಲೆನಾಡಿನ ಮರಗಳ ಮೇಲಿಂದ ಜೋತುಬೀಳುವ ಸೀತಾಳೆ ದಂಡೆ. ಇದು ಹಾಗಲ್ಲ, ನೆಲದ ಗಿಡ. ಸುಣ್ಣಕಲ್ಲಿನ ಮಣ್ಣು, ಅರೆನೆರಳು ಇದಕ್ಕೆ ಬೇಕು. ಕಂದುಗೆಂಪು ದಳಗಳ ನಡುವೆ ಹಳದಿ ಪಾದರಕ್ಷೆಯಂಥ ಒಂದು ಚೀಲ. ಆ ಚೆಲುವೇ ಅದಕ್ಕೆ ಮುಳುವಾಯಿತು. ಹೂವಿಗಾಗಿ, ತೋಟಕ್ಕಾಗಿ, ಒಣಗಿಸಿಟ್ಟ ಮಾದರಿಗಾಗಿ ಜನ ಕಿತ್ತರು. ಕಾಡು ಕಡಿದದ್ದು, ಕುರಿ ಮೇಯಿಸಿದ್ದು ಬೇರೆ. 1917ರಲ್ಲಿ ಗಿಡ ಬ್ರಿಟನ್ನಿನಿಂದ ಮರೆಯಾಯಿತೆಂದು ಘೋಷಿಸಿದರು.

1930ರಲ್ಲಿ ಯಾರ್ಕ್‌ಷೈರಿನ ಕಣಿವೆಯೊಂದರಲ್ಲಿ ಒಂದೇ ಒಂದು ಗಿಡ ಸಿಕ್ಕಿತು. ಕಂಡವರು ಜಾಗ ಹೇಳಲಿಲ್ಲ. ದಶಕಗಳ ಕಾಲ ಬಾಯಿ ಮುಚ್ಚಿಕೊಂಡಿರುವುದೇ ಅದರ ಆರೈಕೆಯಾಗಿತ್ತು. ಆಮೇಲೆ ಹೂ ಬಿಡುವ ಕಾಲಕ್ಕೆ ಕಾವಲೂ ಬಂತು. ಈ ಗುಟ್ಟಿನ ಕಥೆಯನ್ನು ಎಲ್ಲರೂ ರೋಮಾಂಚನದಿಂದ ಹೇಳುತ್ತಾರೆ. ನನಗನಿಸುವಂತೆ ಗುಟ್ಟು ಗಿಡವನ್ನು ಉಳಿಸಿತೇ ಹೊರತು ಒಂದನ್ನು ಎರಡು ಮಾಡಲಿಲ್ಲ.

ಎರಡಾಗುವುದು ಸುಲಭವೂ ಅಲ್ಲ. ಆರ್ಕಿಡ್‌ನ ಬೀಜ ದೂಳಿನ ಕಣದಷ್ಟು. ನಮ್ಮ ಕಡಲೆ, ಅವರೆಯ ಹಾಗೆ ಮೊಳಕೆಗೆ ಬೇಕಾದ ಬುತ್ತಿ ಅದರೊಳಗಿಲ್ಲ. ಮಣ್ಣಿನ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ ಇದನ್ನು ಗುರುತಿಸಿದ್ದು 1899ರಲ್ಲಿ, ಇನ್ನೊಂದು ನೆಲದ ಆರ್ಕಿಡ್‌ನಲ್ಲಿ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆಯೇ, ಸಕ್ಕರೆ ಬೆರೆಸಿದ ಅಗರ್ ಮೇಲೆ ಆರ್ಕಿಡ್ ಬೀಜ ಮೊಳೆಯಿಸಬಹುದೆಂದು ತೋರಿಸಿದರು. ಆದರೆ ಲೇಡೀಸ್ ಸ್ಲಿಪ್ಪರ್ ಅಷ್ಟಕ್ಕೆ ಬಗ್ಗುವ ಗಿಡವಲ್ಲ. ಕಾಯಿ ಬಲಿತಂತೆ ಬೀಜದ ಸಿಪ್ಪೆ ಗಟ್ಟಿಯಾಗಿ ನೀರನ್ನೂ ಒಳಬಿಡುವುದಿಲ್ಲ.

1983ರಲ್ಲಿ ಕ್ಯೂ ಸಸ್ಯೋದ್ಯಾನದಲ್ಲಿ ಆರಂಭವಾದ ಆರ್ಕಿಡ್ ಸಂರಕ್ಷಣೆಯ ಯೋಜನೆ ಈ ಗಿಡವನ್ನೂ ಕೈಗೆತ್ತಿಕೊಂಡಿತು. ಕೈಯಿಂದ ಪರಾಗಸ್ಪರ್ಶ ಮಾಡಿ, ಕಾಯಿ ಇನ್ನೂ ಹಸಿರಾಗಿರುವಾಗಲೇ ಕೊಯ್ದು, ಎಳೆಬೀಜವನ್ನು ಗಾಜಿನ ಸೀಸೆಯ ಕತ್ತಲಲ್ಲಿ ಬಿತ್ತುವುದು ಉಪಾಯ. ಸಸಿಗಳನ್ನು ಆಮೇಲೆ ಕುಂಡಕ್ಕೆ, ಅಲ್ಲಿಂದ ಸುಣ್ಣಕಲ್ಲಿನ ಕಾಡಿಗೆ ದಾಟಿಸಬೇಕು. ಚಿಪ್ಪಿಲ್ಲದ ಬಸವನಹುಳುಗಳಿಗೆ ಎಳೆಚಿಗುರೆಂದರೆ ಪ್ರಾಣ, ಹಾಗಾಗಿ ಅಲ್ಲೂ ಕಣ್ಣಿಟ್ಟಿರಬೇಕು. ಹೂ ಕಾಣಲು ವರ್ಷಗಟ್ಟಲೆ ಕಾಯಬೇಕು.

ಹಾಗೆ ಕಾಡಿಗೆ ಮರಳಿಸಿದ ಸಸಿಯೊಂದು ಮೊದಲ ಬಾರಿಗೆ ಹೂ ಬಿಟ್ಟದ್ದು 2000ದಲ್ಲಿ. ಈಗ ಸಿಲ್ವರ್‌ಡೇಲ್ ಬಳಿಯ ಗೇಟ್ ಬ್ಯಾರೋಸ್ ಕಾಡಿನಲ್ಲಿ ನೆಟ್ಟ ಗಿಡಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ತಾಯಿಗಿಡದ ಜಾಗವನ್ನು ಮಾತ್ರ ಯಾವ ನಕ್ಷೆಯಲ್ಲೂ ಗುರುತು ಮಾಡಿಲ್ಲ.