ಇಬ್ಬರು ನಾಯಕರ ಲೆಕ್ಕ: 2022ರ ಟೂರ್ ಡಿ ಫ್ರಾನ್ಸ್‌ನ ಗ್ರಾನೋ ಹಂತ

ರಸ್ತೆ ಸೈಕ್ಲಿಂಗ್‌ನಲ್ಲಿ ತಂಡದ ಉಪಯೋಗವೇನೆಂದು ಕೇಳಿದರೆ ಬರುವ ಮೊದಲ ಉತ್ತರ ಗಾಳಿ. ಮುಂದಿನವರ ಹಿಂಬದಿಗೆ ಅಂಟಿಕೊಂಡು ಸಾಗುವವನಿಗೆ ಶ್ರಮ ಕಡಿಮೆ. ಆದ್ದರಿಂದ ಸಹಾಯಕರು ಎದೆಯೊಡ್ಡುತ್ತಾರೆ, ನಾಯಕ ಮರೆಯಲ್ಲಿ ಕಾಲು ಉಳಿಸಿಕೊಳ್ಳುತ್ತಾನೆ. ಸಮತಟ್ಟು ದಾರಿಗೆ ಈ ವಿವರಣೆ ಸಾಕು. ವೇಗ ಕುಗ್ಗುವ ಕಡಿದಾದ ಏರಿನಲ್ಲಿ ಮರೆಯ ಲಾಭವೂ ಕುಗ್ಗುತ್ತದೆ. ಹಾಗಿದ್ದೂ ಏರಿನಲ್ಲೇ ತಂಡಗಳು ಟೂರ್ ಗೆಲ್ಲುವುದೇಕೆ? 2022ರ ಜುಲೈ 13ರ ಹನ್ನೊಂದನೇ ಹಂತವನ್ನು ಈ ಪ್ರಶ್ನೆಯೊಂದಿಗೆ ಮತ್ತೆ ನೋಡಬೇಕು.

ಆಲ್ಬರ್ಟ್‌ವಿಲ್‌ನಿಂದ ಗ್ರಾನೋ ಕಣಿವೆದಾರಿಯ ನೆತ್ತಿಯವರೆಗಿನ ಈ ಹಂತ ಆರಂಭವಾದಾಗ ಒಟ್ಟಾರೆ ಮುನ್ನಡೆಯ ಹಳದಿ ಜರ್ಸಿ ತಾದೇಯ್ ಪೊಗಾಚರ್ ಮೈಮೇಲಿತ್ತು. ಯೋನಾಸ್ ವಿಂಗೆಗೋರ್ 39 ಸೆಕೆಂಡು ಹಿಂದಿದ್ದರು. ವಿಂಗೆಗೋರ್ ಅವರದೇ ಯುಂಬೋ-ವಿಸ್ಮಾ ತಂಡದ ವೌಟ್ ವಾನ್ ಆರ್ಟ್ ಮೊದಲ ಕಿಲೋಮೀಟರಿನಲ್ಲೇ ಮುಂದೆ ಜಿಗಿದರು. ನಿಜವಾದ ಆಟ ತೆರೆದುಕೊಂಡದ್ದು ತೆಲೆಗ್ರಾಫ್ ಏರಿನಲ್ಲಿ, ಗುರಿ ಇನ್ನೂ ಅರವತ್ತು ಕಿ.ಮೀ.ಗೂ ದೂರವಿದ್ದಾಗ. ಅದೇ ತಂಡದ ಇನ್ನೊಬ್ಬ ನಾಯಕ ಪ್ರಿಮೋಷ್ ರೋಗ್ಲಿಚ್ ಜಿಗಿದರು; ಪೊಗಾಚರ್ ಬೆನ್ನಟ್ಟಿ ಹಿಡಿದರು. ಹಿಡಿದು ಉಸಿರು ಬಿಡುವಷ್ಟರಲ್ಲಿ ವಿಂಗೆಗೋರ್. ಅವರನ್ನು ಹಿಡಿದರೆ ಮತ್ತೆ ರೋಗ್ಲಿಚ್. ಗಾಲಿಬಿಯೆ ಏರಿನಲ್ಲೂ ಇದೇ ಸರದಿ. ಪ್ರತಿ ಜಿಗಿತಕ್ಕೂ ಒಬ್ಬ ಎದುರಾಳಿ ವಿಶ್ರಮಿಸುತ್ತಿದ್ದ; ಪೊಗಾಚರ್‌ಗೆ ಮಾತ್ರ ಎಲ್ಲಕ್ಕೂ ತಾವೇ ಓಗೊಡಬೇಕಿತ್ತು. ಅವರ ತಂಡ ಆಗಲೇ ಕೋವಿಡ್‌ನಿಂದ ಇಬ್ಬರನ್ನು ಕಳೆದುಕೊಂಡಿತ್ತು.

ಗಾಲಿಬಿಯೆ ನೆತ್ತಿಯ ಬಳಿ ನೋಡಿದವರಿಗೆ ತಂತ್ರ ಸೋತಂತೆಯೇ ಕಂಡಿರಬೇಕು: ಪೊಗಾಚರ್ ತಾವೇ ತಿರುಗಿ ಜಿಗಿದರು, ಹಿಂದುಳಿದದ್ದು ರೋಗ್ಲಿಚ್. ಆದರೆ ಆ ಬೆನ್ನಟ್ಟುವಿಕೆಯ ಬೆಲೆ ತೆರಬೇಕಾಗಿ ಬಂದದ್ದು ಗ್ರಾನೋದಲ್ಲಿ. ಸರಾಸರಿ ಶೇ 9.2ರಷ್ಟು ಕಡಿದಾದ ಆ 11.3 ಕಿ.ಮೀ. ಏರಿನ ಕೊನೆಯ ಐದು ಕಿ.ಮೀ. ಆಸುಪಾಸಿನಲ್ಲಿ ವಿಂಗೆಗೋರ್ ಎದ್ದು ಹೊರಟಾಗ ಪೊಗಾಚರ್ ಏಳಲಿಲ್ಲ. ಜರ್ಸಿಯ ಜಿಪ್ ತೆರೆದಿತ್ತು. ಗುರಿ ಮುಟ್ಟುವಾಗ ಅಂತರ 2 ನಿಮಿಷ 51 ಸೆಕೆಂಡು. ಪೊಗಾಚರ್ ಆ ದಿನ ಸಾಕಷ್ಟು ತಿಂದಿರಲಿಲ್ಲವೆಂಬ ಮಾತೂ ಇದೆ. ಅದು ನಿಜವಿದ್ದರೂ ತಂತ್ರದ ವಾದಕ್ಕೆ ಧಕ್ಕೆಯಿಲ್ಲ. ಜಿಗಿತಗಳ ಬೆನ್ನು ಹತ್ತಿದವನಿಗೆ ತಿನ್ನಲು ಪುರುಸೊತ್ತೆಲ್ಲಿ?

ಏರಿನಲ್ಲಿ ತಂಡ ನೀಡುವುದು ಗಾಳಿಯ ಮರೆಗಿಂತ ಹೆಚ್ಚಾಗಿ ಸಂಖ್ಯೆಯ ಬಲ. ಆದರೆ ಜಿಗಿಯುವವನು ನಿಜವಾಗಿ ಗೆಲ್ಲಬಲ್ಲವನಾಗಿರಬೇಕು; ಇಲ್ಲದಿದ್ದರೆ ಯಾರೂ ಬೆನ್ನಟ್ಟುವುದಿಲ್ಲ. ಐದನೇ ಹಂತದಲ್ಲಿ ಬಿದ್ದು ಭುಜ ಕೀಲು ತಪ್ಪಿಸಿಕೊಂಡಿದ್ದ ರೋಗ್ಲಿಚ್‌ರ ಹೆಸರಿಗೇ ಆ ಬೆಲೆಯಿತ್ತು. ಅವರು ಅಂದು ಹನ್ನೊಂದು ನಿಮಿಷಕ್ಕೂ ಹೆಚ್ಚು ತಡವಾಗಿ ಮುಟ್ಟಿದರು. ಹದಿನೈದನೇ ಹಂತಕ್ಕೆ ಮುನ್ನ ಮನೆಗೆ ಹೊರಟರು.