ಕೆಂಭಾವಿಯ ಭೋಗಣ್ಣನ ಐತಿಹ್ಯವೂ ಚರಿತ್ರೆಯ ಕಾರಣವಿಚಾರವೂ

ಒಂದು ರಾಜ್ಯದ ಪತನವನ್ನಾಗಲಿ, ಒಂದು ಮತದ ಉದಯವನ್ನಾಗಲಿ, ಒಂದು ದಂಗೆಯನ್ನಾಗಲಿ ಕುರಿತು ‘ಕಾರಣಗಳನ್ನು ವಿವರಿಸಿ’ ಎಂದು ಪ್ರಶ್ನೆಯಿತ್ತರೆ, ನಮ್ಮ ವಿದ್ಯಾರ್ಥಿಯು ರಾಜಕೀಯ, ಆರ್ಥಿಕ, ಸಾಮಾಜಿಕ, ಧಾರ್ಮಿಕ ಎಂದು ನಾಲ್ಕು ತಲೆಬರೆಹಗಳನ್ನು ಹಾಕಿ, ಒಂದೊಂದರ ಕೆಳಗೂ ಎರಡೆರಡು ವಾಕ್ಯಗಳನ್ನು ಬರೆದು ಮುಗಿಸುತ್ತಾನೆ. ಪರೀಕ್ಷಕರೂ ಅದಕ್ಕೆ ಗುಣಗಳನ್ನು ಕೊಡುತ್ತಾರೆ. ಆದರೆ ಈ ನಾಲ್ಕು ತಲೆಬರೆಹಗಳು ವಿಜಯನಗರದ ಪತನಕ್ಕೂ ಸಲ್ಲುತ್ತವೆ, ಫ್ರಾನ್ಸಿನ ಕ್ರಾಂತಿಗೂ ಸಲ್ಲುತ್ತವೆ. ಎಲ್ಲ ಮನೆಗಳ ಬೀಗಕ್ಕೂ ಹಿಡಿಯುವ ಕೀಲಿಕೈಯಿಂದ ಅದು ಯಾವ ಮನೆಯದೆಂದು ತಿಳಿಯಲು ಬಾರದು. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ನೆರವಿನಿಂದ ಚರಿತ್ರೆಯನ್ನು ಬೋಧಿಸಬೇಕೆಂಬುದು ಈಗ ಸರ್ವಸಮ್ಮತವಾದ ಮಾತು. ಅದು ಯುಕ್ತವೂ ಅಹುದು. ಆದರೆ ಕಾರಣಗಳನ್ನು ಎಣಿಸುವುದು ಬೇರೆ, ಪರೀಕ್ಷಿಸುವುದು ಬೇರೆ. ಈ ಎರಡನೆಯದನ್ನು ಕಲಿಸುವ ಬಗೆಯನ್ನು ಕೆಂಭಾವಿ ಎಂಬ ಒಂದೇ ಊರನ್ನು ನಿಮಿತ್ತವಾಗಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕಸಂಗ್ರಹವನ್ನು ಓದಿದವರೆಲ್ಲರಿಗೂ ಕಾರಣವು ಮೂರು ವಿಧವೆಂಬುದು ವಿದಿತವೇ ಆಗಿದೆ. ಬಟ್ಟೆಗೆ ನೂಲು ಸಮವಾಯಿಕಾರಣ. ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ. ಮಗ್ಗವೂ ನೇಯುವವನೂ ನಿಮಿತ್ತಕಾರಣ. ಇದಕ್ಕಿಂತಲೂ ಚರಿತ್ರೆಯ ಉಪಾಧ್ಯಾಯನಿಗೆ ಉಪಕಾರಿಯಾದುದು ‘ಅನ್ಯಥಾಸಿದ್ಧ’ವೆಂಬ ಪರಿಕಲ್ಪನೆ. ಕುಂಬಾರನು ಮಡಕೆಯನ್ನು ಮಾಡುವಾಗ ಮಣ್ಣನ್ನು ಹೊತ್ತು ತಂದ ಕತ್ತೆಯೂ ಹತ್ತಿರವೇ ನಿಂತಿರಬಹುದು. ಕುಂಬಾರನ ತಂದೆಯಿಲ್ಲದೆ ಕುಂಬಾರನಿಲ್ಲ. ಆಕಾಶವಂತೂ ಎಲ್ಲೆಲ್ಲಿಯೂ ಇದ್ದೇ ಇದೆ. ಇವೆಲ್ಲವೂ ಕಾರ್ಯಕ್ಕೆ ಮುಂಚೆ ಇದ್ದರೂ ಅದಕ್ಕೆ ಕಾರಣಗಳೆಂದು ನೈಯಾಯಿಕರು ಒಪ್ಪುವುದಿಲ್ಲ. ಇದ್ದರೆ ಆಗುತ್ತದೆ, ಇಲ್ಲದಿದ್ದರೆ ಆಗುವುದಿಲ್ಲ ಎಂಬ ಅನ್ವಯವ್ಯತಿರೇಕಗಳಿಂದ ಶೋಧಿಸಿದ ಮೇಲೆ ಉಳಿಯುವುದೇ ಕಾರಣ. ನಮ್ಮ ಚರಿತ್ರೆಯ ಉತ್ತರಪತ್ರಿಕೆಗಳಲ್ಲಿ ಕತ್ತೆಯೂ ಆಕಾಶವೂ ಧಾರಾಳವಾಗಿ ಗುಣಗಳನ್ನು ಪಡೆಯುತ್ತಿವೆಯೆಂದರೆ ವಿದ್ವಾಂಸರು ಅನ್ಯಥಾ ಭಾವಿಸಬಾರದು.

ಇನ್ನು ಸ್ಥಳದ ವಿಚಾರ. ಕೆಂಭಾವಿಯು ಸುರಪುರ ಸೀಮೆಯದು. ಹಿಂದೆ ಕಲಬುರಗಿ ಜಿಲ್ಲೆಗೂ ಈಗ ಯಾದಗಿರಿ ಜಿಲ್ಲೆಗೂ ಸೇರಿದೆ. ಹೆಸರಿನಲ್ಲಿಯೇ ಒಂದು ಪಾಠವಿದೆ. ‘ಕೆಂ’ ಎಂದರೆ ಕೆಂಪು. ‘ಬಾವಿ’ಯು ಸಂಸ್ಕೃತದ ‘ವಾಪೀ’ಶಬ್ದದ ತದ್ಭವ. ಆದುದರಿಂದ ‘ಕೆಂಬಾವಿ’ ಎಂಬುದೇ ಶಬ್ದಸಿದ್ಧಿಗೆ ಒಪ್ಪುವ ರೂಪ. ಮಹಾಪ್ರಾಣವು ಬಳಕೆಯಲ್ಲಿ ಬಂದು ಸೇರಿದುದು. ಕೃಷ್ಣಾ ಭೀಮಾ ಎಂಬ ಎರಡು ಮಹಾನದಿಗಳ ನಡುವಣ ನಾಡಿನಲ್ಲಿ ಒಂದು ಊರು ಬಾವಿಯಿಂದ ಹೆಸರನ್ನು ಪಡೆದಿದೆಯೆಂದರೆ, ನದಿಯು ಸಮೀಪದಲ್ಲಿದ್ದ ಮಾತ್ರಕ್ಕೆ ನೀರು ಕೈಗೆ ಎಟುಕುತ್ತಿರಲಿಲ್ಲವೆಂದು ಊಹಿಸಬೇಕಾಗುತ್ತದೆ. ಮಳೆಯು ಅನಿಶ್ಚಿತ, ಬೆಳೆಯು ಮುಖ್ಯವಾಗಿ ಜೋಳ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟು ೧೯೮೨ರಲ್ಲಿ ಮುಗಿದು, ಎಡದಂಡೆಯ ಕಾಲುವೆಯು ಸುರಪುರ ಶಹಾಪುರಗಳ ನೆಲಕ್ಕೆ ಹರಿದ ಮೇಲೆಯೇ ಜೋಳದ ಹೊಲಗಳಲ್ಲಿ ಎಷ್ಟೋ ಬತ್ತದ ಗದ್ದೆಗಳಾದುವು. ಕಾಲುವೆಯು ಮುಟ್ಟದ ಹಳ್ಳಿಗಳ ಬಡವರು ಇಂದಿಗೂ ಸುಗ್ಗಿ ಮುಗಿದೊಡನೆ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ತಂದೆತಾಯಿಗಳೊಡನೆ ಗುಳೆ ಹೋಗಿ ಬಂದ ಬಾಲಕನಿಗೆ ‘ಆರ್ಥಿಕ ಕಾರಣ’ವೆಂಬುದು ಪುಸ್ತಕದ ಮಾತಲ್ಲ, ಆತನು ಅದನ್ನು ಮೈಯಿಂದ ಬಲ್ಲನು. ಉಪಾಧ್ಯಾಯನು ಆರಂಭಿಸಬೇಕಾದುದು ಅಲ್ಲಿಂದಲೇ.

ಮೊದಲನೆಯ ಅಭ್ಯಾಸಕ್ಕೆ ಗ್ರಂಥವೂ ಶಾಸನವೂ ಇಲ್ಲದ ವಸ್ತುವನ್ನೇ ಕೊಡುವುದು ಲೇಸು. ಕರ್ಣಾಟಕದ ಬಯಲು ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದಿಣ್ಣೆಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಣ್ಣೆಯನ್ನು ವಾಲಿಯ ಚಿತಾಭಸ್ಮವೆಂದು ಜನರು ಹೇಳುವರು. ಸುರಪುರ ಸೀಮೆಯ ಬೂದಿಹಾಳದಲ್ಲಿಯೂ ಅಂತಹ ದಿಣ್ಣೆಯುಂಟು. ವಿದ್ವಾಂಸರಾದ ಕೆ. ಪದ್ದಯ್ಯನವರು ೧೯೯೦ರ ದಶಕದಲ್ಲಿ ಅಲ್ಲಿ ಉತ್ಖನನವನ್ನು ನಡೆಸಿ, ಬೂದಿಯ ಪಕ್ಕದಲ್ಲಿಯೇ ನವಶಿಲಾಯುಗದ ಜನವಸತಿಯನ್ನೂ, ದನಗಳ ಎಲುಬುಗಳನ್ನೂ, ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಸ್ಥಳವನ್ನೂ ಕಂಡುಹಿಡಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಳನ್ನು ಕೂಡುತ್ತಿದ್ದ ದೊಡ್ಡಿಯ ಸಗಣಿಯು ರಾಶಿಯಾಗಿ, ಅದನ್ನು ಮತ್ತೆ ಮತ್ತೆ ಸುಟ್ಟುದರಿಂದ ಈ ದಿಣ್ಣೆಯು ಆಯಿತೆಂಬುದು ಅವರ ನಿರ್ಣಯ. ಇಲ್ಲಿ ವಿದ್ಯಾರ್ಥಿಯು ಮೂರು ಸಂಗತಿಗಳನ್ನು ಕಲಿಯುತ್ತಾನೆ: ನೆಲದ ಗುಣವು ಪಶುಪಾಲನೆಗೆ ಅವಕಾಶವಿತ್ತಿತು, ಪಶುಪಾಲನೆಯು ಜನರ ಕೂಡಿಬಾಳುವಿಕೆಯನ್ನು ರೂಪಿಸಿತು, ಆ ಬಾಳುವೆಯು ನೆಲದ ಮೇಲೆ ಗುರುತನ್ನು ಬಿಟ್ಟಿತು. ವಾಲಿಯ ಕಥೆಯನ್ನು ಹಾಸ್ಯಮಾಡಬೇಕಾದುದಿಲ್ಲ. ಅದು ದಿಣ್ಣೆಯ ಕಾರಣವನ್ನು ಹೇಳದಿದ್ದರೂ, ದಿಣ್ಣೆಯನ್ನು ಕಂಡ ಮುಂದಿನ ಜನರು ಯಾವ ಕಾವ್ಯಗಳ ನಡುವೆ ಬಾಳಿದರೆಂಬುದನ್ನು ಹೇಳುತ್ತದೆ. ಒಂದೇ ವಸ್ತುವು ಎರಡು ಕಾಲಗಳಿಗೆ ಸಾಕ್ಷಿಯಾಗುವುದು ಹೀಗೆ.

ಎರಡನೆಯ ಅಭ್ಯಾಸವೇ ಭೋಗಣ್ಣನ ಐತಿಹ್ಯ. ಇದು ಹರಿಹರನ ರಗಳೆಯಲ್ಲಿಯೂ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಭೀಮಕವಿಯು ೧೩೬೯ರಲ್ಲಿ ಮುಗಿಸಿದ ಕನ್ನಡ ಬಸವಪುರಾಣದಲ್ಲಿಯೂ ನಿರೂಪಿತವಾಗಿದೆ. ಭೋಗಯ್ಯನ ಹೆಸರು ಶರಣರ ವಚನಗಳಲ್ಲಿಯೂ ಬರುತ್ತದೆ. ಕಥೆಯ ಸಾರವಿಷ್ಟು: ಶಿವನು ಅಂತ್ಯಜನ ವೇಷದಿಂದ ಭೋಗಣ್ಣನ ಮನೆಗೆ ಬಂದನು. ಭೋಗಣ್ಣನು ಆತನಲ್ಲಿ ಕುಲವನ್ನು ಕಾಣದೆ ಭಕ್ತನನ್ನು ಕಂಡು, ಒಳಕ್ಕೆ ಕರೆದು ಸತ್ಕರಿಸಿದನು. ಊರಿನ ಬ್ರಾಹ್ಮಣರು ಕುಪಿತರಾಗಿ ಆತನನ್ನು ಊರಿನಿಂದ ಹೊರಡಿಸಿದರು. ಭೋಗಣ್ಣನು ಹೊರಟಾಗ ಕೆಂಭಾವಿಯ ಲಿಂಗಗಳೆಲ್ಲವೂ ಆತನನ್ನು ಹಿಂಬಾಲಿಸಿ ನಡೆದುವು. ಊರವರು ಬೆದರಿ ಆತನನ್ನು ಬೇಡಿಕೊಂಡರು.

ಈ ಕಥೆಯನ್ನು ಬೋಧಿಸುವ ಎರಡು ಪರಿಪಾಟಿಗಳು ನಮ್ಮಲ್ಲಿವೆ. ಕಲ್ಲಿನ ಲಿಂಗವು ನಡೆಯಿತೆಂದು ನಂಬಿ ಕೈಮುಗಿಯುವುದು ಒಂದು. ಕಲ್ಲು ನಡೆಯಲಾರದಾದುದರಿಂದ ಇದು ಚರಿತ್ರೆಯಲ್ಲವೆಂದು ಬದಿಗಿಡುವುದು ಇನ್ನೊಂದು. ಎರಡರಲ್ಲಿಯೂ ವಿಚಾರವು ಅಲ್ಲಿಗೇ ನಿಲ್ಲುತ್ತದೆ. ಮೀಮಾಂಸಕರು ಅರ್ಥವಾದವನ್ನು ಅಕ್ಷರಶಃ ಗ್ರಹಿಸುವುದೂ ಇಲ್ಲ, ಬಿಸುಡುವುದೂ ಇಲ್ಲ. ಅದು ಏನನ್ನು ಹೊಗಳಲು ಅಥವಾ ಹಳಿಯಲು ಬಂದಿದೆಯೆಂದು ವಿಚಾರಿಸುತ್ತಾರೆ. ಲಿಂಗಗಳ ನಡಿಗೆಯು ಅರ್ಥವಾದ. ಆದರೆ ಆ ಅರ್ಥವಾದವು ಕೇಳುವವರಿಗೆ ಹಿಡಿಸಬೇಕಾದರೆ ಕಥೆಯಲ್ಲಿ ಕೆಲವು ಸಂಗತಿಗಳು ಸಿದ್ಧವೆಂದು ಇಟ್ಟುಕೊಂಡಿರಬೇಕು. ಚರಿತ್ರಕಾರನಿಗೆ ಬೇಕಾದುವು ಅವೇ.

ಅವುಗಳಲ್ಲಿ ಮೊದಲನೆಯದು, ಒಬ್ಬನನ್ನು ಊರಿನಿಂದ ಹೊರಡಿಸುವ ಶಕ್ತಿಯುಳ್ಳ ಒಂದು ಸಮೂಹವು ಊರಿನಲ್ಲಿತ್ತೆಂಬುದು. ಹನ್ನೊಂದು ಹನ್ನೆರಡನೆಯ ಶತಮಾನಗಳ ಕನ್ನಡ ಶಾಸನಗಳಲ್ಲಿ ಮಹಾಜನರು, ಸೆಟ್ಟಿಗಳು, ಗಾವುಂಡರು ಕೂಡಿ ಭೂಮಿಯನ್ನೂ ಸುಂಕವನ್ನೂ ದತ್ತಿಬಿಟ್ಟ ಸಂಗತಿಯು ಮೇಲಿಂದ ಮೇಲೆ ಬರುತ್ತದೆ. ಭೂಮಿಯೂ ದತ್ತಿಯೂ ಯಾರ ಕೈಯಲ್ಲಿದ್ದುವೋ ಬಹಿಷ್ಕಾರವೂ ಅವರ ಕೈಯಲ್ಲಿತ್ತು. ಎರಡನೆಯದು, ಊರಿನಲ್ಲಿ ಲಿಂಗಗಳು ಬಹುಸಂಖ್ಯೆಯಲ್ಲಿದ್ದುವೆಂಬುದು. ಪ್ರತಿಯೊಂದು ಗುಡಿಗೂ ಪೂಜೆಯುಂಟು, ನಂದಾದೀಪಕ್ಕೆ ಗಾಣದ ಎಣ್ಣೆಯುಂಟು, ಮಾಲೆಗೆ ಹೂದೋಟವುಂಟು. ಲಿಂಗವು ಊರನ್ನು ಬಿಟ್ಟರೆ ಇವೆಲ್ಲಕ್ಕೂ ಆಧಾರವು ತಪ್ಪುತ್ತದೆ. ಊರವರ ಭಯವು ದೈವಭಯವೊಂದೇ ಅಲ್ಲವೆಂಬುದು ಇದರಿಂದ ಊಹ್ಯ. ಮೂರನೆಯದು, ಕುಲವನ್ನು ಎಣಿಸದ ಭಕ್ತಿಯೊಂದು ಆ ಸೀಮೆಯಲ್ಲಿ ಆಗಲೇ ಮಾತಾಗಿತ್ತೆಂಬುದು. ನೆರೆಯ ಮುದನೂರು ದೇವರ ದಾಸಿಮಯ್ಯನ ಊರೆಂದು ಪ್ರಸಿದ್ಧಿ. ಆತನು ಮಗ್ಗದ ಕಾಯಕದವನು. ನೇಯುವವರು, ವ್ಯಾಪಾರಿಗಳು ಮುಂತಾಗಿ ಕೈಗೆಲಸದಿಂದ ಬಾಳುವವರಿಗೆ ನೆಲದ ಒಡೆತನದಲ್ಲಿ ಬೇರೂರಿದ ಮೇಲುಕೀಳಿಗಿಂತ ಬೇರೊಂದು ಗೌರವವು ಬೇಕಾಗಿತ್ತು. ಅದನ್ನು ಭಕ್ತಿಯು ಕೊಟ್ಟಿತು.

ಇನ್ನು ಪರೀಕ್ಷೆ. ಕಲ್ಯಾಣದ ಚಾಲುಕ್ಯರ ಆಳಿಕೆಯು ಇದಕ್ಕೆ ಕಾರಣವೇ? ಆ ಆಳಿಕೆಯು ಸಹಸ್ರಾರು ಊರುಗಳ ಮೇಲಿತ್ತು. ಇಂತಹ ಕಥೆಯು ಎಲ್ಲ ಊರುಗಳಲ್ಲಿಯೂ ಹುಟ್ಟಲಿಲ್ಲ. ಆದುದರಿಂದ ಅದು ಇಲ್ಲಿ ಆಕಾಶಸ್ಥಾನದಲ್ಲಿದೆ, ಅನ್ಯಥಾಸಿದ್ಧ. ಅಗ್ರಹಾರವೂ ಗುಡಿಗಳೂ ಇದ್ದುದು ಮಾತ್ರ ಸಾಕೆ? ಅವೂ ಬಹಳೆಡೆಗಳಲ್ಲಿದ್ದುವು, ಅವು ನೂಲಿನಂತೆ ಬೇಕೇ ಬೇಕು, ಆದರೆ ನೂಲೊಂದೇ ಬಟ್ಟೆಯಾಗುವುದಿಲ್ಲ. ಹಳೆಯ ಕಟ್ಟುಪಾಡೂ ಹೊಸ ಭಕ್ತಿಯೂ ಒಂದೇ ಬೀದಿಯಲ್ಲಿ ಎದುರುಬದುರಾದುದು ನೂಲುಗಳ ಸಂಯೋಗದಂತೆ. ಆದರೂ ನೇಯುವವನು ಬೇಕು. ಅದೇ ಬೀದಿಯಲ್ಲಿ, ಅದೇ ಕಾಲದಲ್ಲಿ, ಅದೇ ಕುಲದಲ್ಲಿ ಹುಟ್ಟಿದ ನೆರೆಮನೆಯವನು ಬಾಗಿಲನ್ನು ತೆರೆಯಲಿಲ್ಲ, ಭೋಗಣ್ಣನು ತೆರೆದನು. ಸಾಮಾಜಿಕ ಆರ್ಥಿಕ ಕಾರಣಗಳೆಲ್ಲವನ್ನೂ ಕೂಡಿಸಿದ ಮೇಲೂ ಈ ಒಂದು ಕ್ರಿಯೆಯು ಶೇಷವಾಗಿ ಉಳಿಯುತ್ತದೆ. ಆ ಶೇಷವನ್ನು ಕಾಣಿಸದ ಕಾರಣವಿಚಾರವು ಮನುಷ್ಯನನ್ನು ಮಣ್ಣಿನ ಮುದ್ದೆಯಾಗಿಸುತ್ತದೆ; ಆ ಶೇಷವನ್ನು ಮಾತ್ರ ಕಾಣಿಸುವ ಚರಿತ್ರೆಯು ಕೇವಲ ಸ್ತೋತ್ರವಾಗುತ್ತದೆ.

ಕೆಲವು ವರ್ಷಗಳ ಕೆಳಗೆ ಕೆಂಭಾವಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಈ ಕಥೆಯನ್ನು ಹೇಳುವ ಪ್ರಸಂಗವು ಈ ಲೇಖಕನಿಗೆ ಒದಗಿತ್ತು. ಕಥೆಯು ಮುಗಿದಾಗ ಹಿಂದಿನ ಸಾಲಿನ ಒಬ್ಬ ಹುಡುಗನು ಎದ್ದು, “ಗುರುಗಳೇ, ಬಂದಾತ ಖರೇನೇ ಶಿವ ಇರ್ಲಿಲ್ಲಂದ್ರ, ಲಿಂಗ ಹಿಂದ ಹೋಗ್ತಿದ್ದವೇನ್ರಿ?” ಎಂದು ಕೇಳಿದನು. ಬಾಲಕನು ವ್ಯತಿರೇಕವೆಂಬ ಶಬ್ದವನ್ನು ಕೇಳಿದವನಲ್ಲ. ಆದರೆ ಆತನು ಮಾಡಿದುದು ಅದನ್ನೇ. ಒಂದು ಕಾರಣವನ್ನು ತೆಗೆದು, ಕಾರ್ಯವು ಉಳಿಯುವುದೋ ಇಲ್ಲವೋ ಎಂದು ನೋಡಿದನು. ನನಗೆ ಒಡನೆ ಉತ್ತರವು ತೋಚಲಿಲ್ಲ. ಮೂವತ್ತು ವರ್ಷಗಳಿಂದ ನಾನು ಈ ಕಥೆಯನ್ನು ಶಿವನ ವೇಷದಿಂದಲೇ ಆರಂಭಿಸಿ ಹೇಳುತ್ತಿದ್ದೆನು. ಆ ವೇಷವು ಯಾರದೋ ಆತನನ್ನು ಕುರಿತು ಒಮ್ಮೆಯೂ ವಿಚಾರಿಸಿರಲಿಲ್ಲ. ಅಗ್ರಹಾರದ ಪಕ್ಷದ ಶಾಸ್ತ್ರಗಳನ್ನೇ ಕಲಿತು ಬೆಳೆದವನಿಗೆ ಆ ವಿಚಾರವು ತಾನಾಗಿ ಬಾರದೆ ಹೋದುದು ಆಶ್ಚರ್ಯವಲ್ಲ. ಆದರೆ ಅದು ಕ್ಷಮ್ಯವೂ ಅಲ್ಲ.

ಅನಂತರ ಯೋಚಿಸಿ ಕಂಡುಕೊಂಡ ಉತ್ತರವಿದು. ಬಂದವನು ಶಿವನೆಂದು ಊರವರು ಅರಿತಿರಲಿಲ್ಲ. ಆದುದರಿಂದ ಶಿವನಲ್ಲದ, ನಿಜವಾಗಿಯೇ ಕೇರಿಯಿಂದ ಬಂದ ಮನುಷ್ಯನಾಗಿದ್ದರೂ ಅವರು ವಿಧಿಸಿದ ದಂಡವು ಅದೇ ಆಗುತ್ತಿತ್ತು. ಬಹಿಷ್ಕಾರಕ್ಕೆ ಶಿವನು ಕಾರಣನಲ್ಲ, ಕಟ್ಟುಪಾಡು ಕಾರಣ. ಲಿಂಗಗಳ ನಡಿಗೆಗೆ ಮಾತ್ರ ಶಿವನು ಬೇಕಾದನು. ಏಕೆಂದರೆ ಊರು ತಪ್ಪಿತೆಂದು ಹೇಳುವುದಕ್ಕೆ ಒಬ್ಬ ಅಂತ್ಯಜನ ಹಸಿವೆಯು ಅಂದಿನ ಕೇಳುಗರಿಗೆ ಸಾಕಾದ ಪ್ರಮಾಣವಾಗಿರಲಿಲ್ಲ. ದೇವರೇ ಸಾಕ್ಷಿಗೆ ಬರಬೇಕಾಯಿತು. ಕಥೆಯ ಅದ್ಭುತಾಂಶವೇ ಆ ಸಮಾಜದ ಸ್ಥಿತಿಯನ್ನು ಹೆಚ್ಚು ನಿಖರವಾಗಿ ತಿಳಿಸುತ್ತದೆ. ಆ ವೇಷದ ಮನುಷ್ಯನನ್ನು ಅರಸರ ಪ್ರಶಸ್ತಿಗಳಲ್ಲಿ ಹುಡುಕಿ ಫಲವಿಲ್ಲ. ಕೆರೆ, ಬಾವಿ, ಬಟ್ಟೆ, ನಟ್ಟ ಕಲ್ಲುಗಳನ್ನು ಹೇಳುವ ಸೀಮೆಯ ಪಂಕ್ತಿಗಳನ್ನು, ನಮ್ಮಲ್ಲಿ ಅನೇಕರು ಓದದೆ ದಾಟುವ ಪಂಕ್ತಿಗಳನ್ನು, ನಿಧಾನಿಸಿ ಓದಬೇಕು. ಊರಿನ ದುಡಿಮೆಯ ಗುರುತುಗಳಿರುವುದು ಅಲ್ಲಿಯೇ.

ಇದೇ ಕ್ರಮವು ರಾಜಕೀಯ ಚರಿತ್ರೆಗೂ ಸಲ್ಲುವುದೆಂಬುದಕ್ಕೆ ಇದೇ ಸೀಮೆಯ ಇನ್ನೊಂದು ನಿದರ್ಶನ ಸಾಕು. ೧೭೦೫ರಲ್ಲಿ ಔರಂಗಜೇಬನು ಸ್ವತಃ ಬಂದು ವಾಗಣಗೇರಾ ಕೋಟೆಯನ್ನು ಮುತ್ತಿದನು. ಫೆಬ್ರವರಿಯಿಂದ ಏಪ್ರಿಲಿನವರೆಗೆ ಮುತ್ತಿಗೆಯು ನಡೆಯಿತು. ಕೋಟೆಯು ಬಿದ್ದಿತಾದರೂ ಪಿಡ್ಡನಾಯಕನು ತಪ್ಪಿಸಿಕೊಂಡನು. ಪಾದಶಹನ ದುರಾಶೆ, ನಾಯಕನ ಪರಾಕ್ರಮ ಎಂದು ಎರಡು ಮಾತುಗಳಲ್ಲಿ ಮುಗಿಸುವುದು ರೂಢಿ. ದುರಾಶೆಯು ಆತನ ಎಲ್ಲ ಯುದ್ಧಗಳಲ್ಲಿಯೂ ಇತ್ತು. ಅದರಿಂದ ಈ ಯುದ್ಧದ ವಿಶೇಷವು ತಿಳಿಯದು. ೧೬೮೬ರಲ್ಲಿ ಬಿಜಾಪುರವೂ ಮರುವರ್ಷ ಗೋಲ್ಕೊಂಡವೂ ಬಿದ್ದು ದಖ್ಖಣದ ಹಳೆಯ ದೊರೆತನಗಳು ಅಳಿದುದು, ಬೇಟೆಯಲ್ಲಿಯೂ ಕೋವಿಯಲ್ಲಿಯೂ ನುರಿತ ಬೇಡರು ತಮ್ಮ ನಾಯಕನ ಸುತ್ತ ಕೂಡಿದುದು, ಗುಡ್ಡಗಳ ನೆಲವು ಅವರಿಗೆ ಆಶ್ರಯವಾದುದು, ಮರಾಠರು ಸಹಾಯಕ್ಕೆ ಬಂದುದು, ಇವುಗಳಲ್ಲಿ ಯಾವುದನ್ನು ತೆಗೆದರೂ ಮುತ್ತಿಗೆಯು ಅಷ್ಟು ದಿನ ಎಳೆಯುತ್ತಿರಲಿಲ್ಲವೆಂಬುದನ್ನು ವಿದ್ಯಾರ್ಥಿಯು ಒಂದೊಂದಾಗಿ ತೂಗಿ ನೋಡಬಹುದು. ಎರಡು ವರ್ಷಗಳಲ್ಲಿ, ೧೭೦೭ರಲ್ಲಿ, ಪಾದಶಹನು ಅಹಮದನಗರದಲ್ಲಿ ತೀರಿಕೊಂಡನು.

ಉಪಾಧ್ಯಾಯರಿಗೆ ಬಿನ್ನಹವಿಷ್ಟೆ. ಕಾರಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದನ್ನು ಬಿಡಬೇಕು. ಒಂದು ಊರು, ಒಂದು ಘಟನೆ, ಅದಕ್ಕೆ ಸಂಬಂಧಿಸಿದ ಎರಡು ಮೂರು ಸಾಕ್ಷ್ಯಗಳು, ಇಷ್ಟನ್ನು ಕೊಟ್ಟು, ವಿದ್ಯಾರ್ಥಿಯು ಹೇಳಿದ ಪ್ರತಿಯೊಂದು ಕಾರಣವನ್ನೂ ಕುರಿತು ‘ಇದು ಇರದಿದ್ದರೆ?’ ಎಂದು ಕೇಳಬೇಕು. ಆತನೇ ಕತ್ತೆಯನ್ನು ಗುರುತಿಸಿ ಹೊರಗಟ್ಟಲಿ. ಕೊನೆಯಲ್ಲಿ ಉಳಿದ ಮನುಷ್ಯನ ಹೆಸರನ್ನು, ಹೆಸರು ಉಳಿಯದಿದ್ದರೆ ಆತನು ನಿಂತಿದ್ದ ಸ್ಥಳವನ್ನು, ಆತನಿಂದಲೇ ಬರೆಯಿಸಬೇಕು.

ಕೆಂಭಾವಿಯ ಆ ಬಾಲಕನಿಗೆ ನಾನು ಅಂದು ಉತ್ತರವನ್ನು ಕೊಡಲಿಲ್ಲ. ಆತನ ಪ್ರಶ್ನೆಯಿಂದ ಈ ಲೇಖನವು ಹುಟ್ಟಿತಾದುದರಿಂದ, ಇದರಲ್ಲಿ ಗುಣವೇನಾದರೂ ಇದ್ದರೆ ಆತನಿಗೆ ಸಲ್ಲತಕ್ಕದ್ದು. ದೋಷಗಳನ್ನು ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥನೆ.